ಲಕ್ಕಿಯ ಮುಖಕ್ಕೆ ಕೂತ ಮಾಸ್ಕು

ದೇವಿಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಅವಳಿಗೆ ಪಕ್ಕದ ಮನೆಯ ತೆಂಗಿನ ಮರ ಹೆಚ್ಚು ಕಾಯಿ ಬಿಟ್ಟರೂ ಹೊಟ್ಟೆಕಿಚ್ಚು. ಆದರೆ ಒಂದು ಮಾಸ್ಕಿಗೋಸ್ಕರ, ಅದೂ ಪುಕ್ಕಟೆ ಸಿಕ್ಕಿದ ಮಾಸ್ಕಿಗೋಸ್ಕರ, ಆ ಪರಿ ಹೊಟ್ಟೆ ಉರಿಸಿಕೊಂಡವಳನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಹೊನ್ನಾವರ ಪೇಟೆಯಲ್ಲಿ ಭಾಸ್ಕರಣ್ಣನ ಮೆಣಸಿನ ಗಿರಣಿ ಇದೆ. ನಾನು ಕವಿತಾ, ಅಲ್ಲಿ ಬಾಗಿಲ ಹತ್ತಿರ ತಕ್ಕಡಿಯ ಮುಂದೆ ಕೂತು ತೂಕ ಮಾಡುವವಳು. ಮಳೆ ಹಿಡಿಯುವ ಮೊದಲು ವರ್ಷಕ್ಕಾಗುವಷ್ಟು ಮಸಾಲೆ ಪುಡಿ ಮಾಡಿಸಿಕೊಳ್ಳಲು ಸುತ್ತಲ ಊರಿನವರೆಲ್ಲ ಬರುತ್ತಾರೆ. ಆಗ ಗಿರಣಿಯೊಳಗೆ ಗಾಳಿಯೇ ಕೆಂಪಾಗಿರುತ್ತದೆ. ಹೊಸಬರು ಒಳಗೆ ಕಾಲಿಟ್ಟರೆ ಸೀನಿ ಸೀನಿ ತಮ್ಮ ಹೆಸರನ್ನೇ ಮರೆಯುತ್ತಾರೆ. ಯಂತ್ರದ ಬಾಯಿಗೆ ಮೆಣಸು ಸುರಿಯುವವಳು ಲಕ್ಕಿ. ಕೆಳಗೆ ಬಿದ್ದ ಪುಡಿಯನ್ನು ಜರಡಿ ಹಿಡಿಯುವವಳು ದೇವಿ. ನಾವು ಮೂವರೂ ಮಂಕಿಯವರು, ಒಂದೇ ಕೇರಿ, ಬರುವುದೂ ಹೋಗುವುದೂ ಒಂದೇ ಟೆಂಪೋದಲ್ಲಿ.

ನಮ್ಮ ಕೇರಿಯ ಮದುವೆಗಳಲ್ಲಿ ಎಣ್ಣೆ ಅರಿಶಿನ ಹಚ್ಚುವುದರಿಂದ ಹಿಡಿದು ಹೆಣ್ಣು ಒಪ್ಪಿಸುವವರೆಗೆ ಎಲ್ಲದಕ್ಕೂ ಹಾಡು ಇದೆ. ಒಬ್ಬಳು ಮುಂದೆ ಹೇಳುತ್ತಾಳೆ, ಉಳಿದವರು ಅದೇ ಸೊಲ್ಲನ್ನು ಎತ್ತಿಕೊಳ್ಳುತ್ತಾರೆ. ಮುಂದೆ ಹೇಳುವವಳು ಹಸೆಮಣೆಯ ಪಕ್ಕದಲ್ಲೇ ಕೂರಬೇಕು. ಆ ಜಾಗಕ್ಕೆ ಇರುವ ಮರ್ಯಾದೆ ಪಂಚಾಯತಿ ಅಧ್ಯಕ್ಷರ ಕುರ್ಚಿಗೂ ಇಲ್ಲ. ಈಗ ಕೆಲವು ವರ್ಷಗಳಿಂದ ಅಲ್ಲಿ ಕೂರುವವಳು ದೇವಿ. ಅದಕ್ಕೂ ಮೊದಲು ಕೂರುತ್ತಿದ್ದವಳು ಲಕ್ಕಿ. ಲಕ್ಕಿಯ ಗಂಡ ದುರ್ಗ, ತದಡಿ ಬಂದರಿನಿಂದ ಹೊರಟ ಮೀನಿನ ಬೋಟಿನಲ್ಲಿ ಹೋದವನು ತಿರುಗಿ ಬರಲಿಲ್ಲ. ಬಳೆ, ಕುಂಕುಮ, ಮೂಗುತಿಯ ಜೊತೆಗೆ ಅವಳ ಆ ಜಾಗವೂ ಹೋಯಿತು. ಈಗ ಮದುವೆಗಳಲ್ಲಿ ಅವಳು ಹಿತ್ತಲಲ್ಲಿ ಕಾಯಿ ತುರಿಯುತ್ತಾಳೆ.

ಜಾಗ ಸಿಕ್ಕಿದರೂ ದೇವಿಗೆ ಸಮಾಧಾನವಿರಲಿಲ್ಲ. ಲಕ್ಕಿಯ ಗಂಟಲೇ ಗಂಟಲು ಎಂದು ಕೇರಿಯ ಮುದುಕಿಯರು ಈಗಲೂ ಹೇಳುತ್ತಾರೆ, ಅದನ್ನು ದೇವಿಗೆ ಕೇಳುವ ಹಾಗೆಯೇ ಹೇಳುತ್ತಾರೆ. ನಮ್ಮ ಮುದುಕಿಯರಿಗೆ ಅದೊಂದು ಚಟ.

ಈ ವರ್ಷ ದೇವಿಯ ನಾದಿನಿಯ ಮಗಳು ದೀಕ್ಷಾಳ ಮದುವೆ ನಿಶ್ಚಯವಾಯಿತು. ಮಳೆಗಾಲಕ್ಕೆ ಸ್ವಲ್ಪ ಮುಂಚೆ, ಮಂಕಿಯಲ್ಲೇ. ಮುಂದೆ ಹೇಳುವವಳು ಸೋದರಮಾವನ ಹೆಂಡತಿ ದೇವಿಯೇ, ಅದರಲ್ಲಿ ಎರಡು ಮಾತಿರಲಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಅವಳ ಗಂಟಲು ಕೈಕೊಟ್ಟಿತು. ಸಂಜೆಯಾದರೆ ಧ್ವನಿ ಕಾವಲಿ ಕೆರೆದ ಹಾಗೆ ಕೇಳುತ್ತಿತ್ತು. ಡಾಕ್ಟರು ಬಾಯಿಗೆ ಬ್ಯಾಟರಿ ಬಿಟ್ಟು ನೋಡಿ, ಮೆಣಸಿನ ಪುಡಿ ಒಳಗೆ ಹೋಗುವುದು ನಿಲ್ಲದಿದ್ದರೆ ಔಷಧಿ ಕೊಟ್ಟು ಪ್ರಯೋಜನವಿಲ್ಲ ಎಂದರು. ದೇವಿ ಕೇಳಿದ್ದು ಒಂದೇ ಪ್ರಶ್ನೆ, ಮದುವೆಯಲ್ಲಿ ಹಾಡಲು ಆಗುತ್ತದೋ ಇಲ್ಲವೋ. ಹೀಗೇ ಬಿಟ್ಟರೆ ಆಗಲಿಕ್ಕಿಲ್ಲ ಎಂದರಂತೆ.

ಅಷ್ಟು ದಿನ ನಮ್ಮ ಹೆಂಗಸರು ಸೆರಗನ್ನೇ ಮುಖಕ್ಕೆ ಸುತ್ತಿಕೊಳ್ಳುತ್ತಿದ್ದರು. ದೇವಿಯ ಕಾಟ ತಡೆಯಲಾರದೆ ಭಾಸ್ಕರಣ್ಣ ಒಂದು ಪೆಟ್ಟಿಗೆ ಮಾಸ್ಕು ತರಿಸಿದರು. ಕೊರೊನಾ ಕಾಲದ ತೆಳು ಮಾಸ್ಕಲ್ಲ. ಗಟ್ಟಿ, ಚಿಪ್ಪಿನ ಹಾಗಿತ್ತು. ಮೂಗಿನ ಮೇಲೆ ಒತ್ತಲು ತಗಡಿನ ಪಟ್ಟಿ, ತಲೆಯ ಹಿಂದೆ ಹಾಕಲು ಎರಡು ಇಲಾಸ್ಟಿಕ್. ಲಕ್ಕಿ ಅದನ್ನು ಹಾಕಿಕೊಂಡು ಪಟ್ಟಿಯನ್ನು ಒಮ್ಮೆ ಒತ್ತಿದಳು, ಅಷ್ಟೇ. ಅದು ಅವಳ ಮುಖಕ್ಕೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಸಂಜೆ ತೆಗೆದಾಗ ಮಾಸ್ಕಿನ ಒಳಗಿದ್ದ ಮುಖ ಆಗ ತಾನೇ ತೊಳೆದ ಹಾಗಿತ್ತು.

ದೇವಿಯದು ಕೂರಲಿಲ್ಲ. ಪಟ್ಟಿ ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಇಲಾಸ್ಟಿಕ್ ಬಿಗಿ ಮಾಡಿದಳು. ಸಂಜೆ ತೆಗೆದರೆ ಮೂಗಿನ ಎಡಗಡೆ ಕೆಂಪು ಪುಡಿಯ ಗೆರೆ, ಜೊತೆಗೆ ಕೆಮ್ಮು. ಅತ್ತ ಲಕ್ಕಿ ಯಂತ್ರದ ಸದ್ದಿನೊಳಗೇ ಏನೋ ಗುನುಗುತ್ತಿದ್ದಳು. ಅದು ಎಣ್ಣೆ ಹಚ್ಚುವಾಗಿನ ಹಾಡು ಎಂದು ನನಗೂ ತಿಳಿಯಿತು, ದೇವಿಗೂ ತಿಳಿಯಿತು.

"ಕಂಡ್ಯಾ ಕವಿತಾ," ಅಂದಳು ದೇವಿ, ತಕ್ಕಡಿಯ ಹತ್ತಿರ ಬಂದು. "ಭಾಸ್ಕರಣ್ಣ ಅವಳಿಗೆ ಬೇರೆ ನಮೂನೆದು ಕೊಟ್ಟಿದ್ರು. ಒಳ್ಳೇದು ಅವಳಿಗೆ, ಕಸ ನಂಗೆ."

"ಎರಡೂ ಒಂದೇ ಪೆಟ್ಟಿಗೆದು ದೇವಕ್ಕ. ನಾನೇ ಒಡೆದು ಕೊಟ್ಟದ್ದು."

"ನಿಂಗೆ ಎಂತ ಗೊತ್ತಾಗ್ತದೆ? ನೀನು ತೂಕ ಮಾಡು."

ನನಗೆ ಸಿಟ್ಟು ಬಂದು ಆ ದಿನವಿಡೀ ಅವಳ ಜೊತೆ ಮಾತಾಡಲಿಲ್ಲ. ಅವಳಿಗೆ ಅದು ಗೊತ್ತಾದ ಹಾಗೂ ಕಾಣಲಿಲ್ಲ.

ಮರುದಿನ ಲಕ್ಕಿ ಕೈ ತೊಳೆಯಲು ಹೋದಾಗ ದೇವಿ ಅವಳ ಮಾಸ್ಕನ್ನು ಎತ್ತಿ ತನ್ನ ಮುಖಕ್ಕೆ ಹಾಕಿಕೊಂಡಳು. ಇನ್ನೊಬ್ಬರು ಉಸಿರಾಡಿದ ಮಾಸ್ಕು! ಲಕ್ಕಿ ಬಂದು ನೋಡಿದಳು, ಜಗಳ ಮಾಡಲಿಲ್ಲ. ದೇವಿಯ ಮಾಸ್ಕನ್ನು ತಾನು ಹಾಕಿಕೊಂಡು ಕೆಲಸಕ್ಕೆ ನಿಂತಳು. ಸಂಜೆ ನೋಡಿದರೆ ದೇವಿಯ ಮಾಸ್ಕು ಲಕ್ಕಿಯ ಮುಖಕ್ಕೂ ಚೆನ್ನಾಗಿಯೇ ಕೂತಿತ್ತು, ಲಕ್ಕಿಯ ಮಾಸ್ಕು ದೇವಿಯ ಮುಖಕ್ಕೆ ಕೂತಿರಲಿಲ್ಲ. ದೇವಿಗೆ ಅಳುವೇ ಬಂತು. ಮಾಸ್ಕಿನ ಮೇಲಿದ್ದ ಹೊಟ್ಟೆಕಿಚ್ಚು ಅಲ್ಲಿಂದ ಲಕ್ಕಿಯ ಮುಖದ ಮೇಲೆ ಹೋಯಿತು. ಅವಳ ಕೆನ್ನೆ ಹೇಗಿದೆ, ಗಲ್ಲ ಹೇಗಿದೆ ಎಂದು ಟೆಂಪೋದಲ್ಲಿ ಕೂತು ಓರೆಗಣ್ಣಲ್ಲಿ ನೋಡುವುದೇ ಕೆಲಸವಾಯಿತು.

ಆಮೇಲೆ ಶುರುವಾಯಿತು ಮಾಸ್ಕು ಹುಡುಕುವ ಮೆರವಣಿಗೆ. ಕುಮಟಾದ ಮೆಡಿಕಲ್ ಅಂಗಡಿಯಲ್ಲಿ ದೊಡ್ಡದು ತಂದಳು, ಅದು ಗಲ್ಲದ ಕೆಳಗೆ ಜೋತು ಬಿತ್ತು. ಮಕ್ಕಳದ್ದು ತಂದಳು, ಅದು ಬಾಯಿ ಮುಚ್ಚಿದರೆ ಮೂಗು ಮುಚ್ಚುತ್ತಿರಲಿಲ್ಲ. ದರ್ಜಿಯ ಹತ್ತಿರ ಬಟ್ಟೆಯದು ಹೊಲಿಸಿದಳು. ಮೆಣಸಿನ ಪುಡಿ ಬಟ್ಟೆಯೊಳಗೆ ಹೊಕ್ಕು ಅಲ್ಲೇ ಬಿಡಾರ ಮಾಡಿತು. ಅರ್ಧ ದಿನದೊಳಗೆ ತುಟಿ ಊದಿತು. ಇಲಾಸ್ಟಿಕ್ ಜಾರುವುದು ತುರುಬಿನ ಹೂವಿನಿಂದ ಎಂದು ನಾನು ಹೇಳಿದೆ. ಒಂದು ದಿನವೂ ಭಟ್ಕಳ ಮಲ್ಲಿಗೆ ಇಲ್ಲದೆ ಮನೆ ಬಿಡದವಳು ಹೂವು ಮುಡಿಯುವುದನ್ನೂ ನಿಲ್ಲಿಸಿದಳು. ಇಲಾಸ್ಟಿಕ್ ನಿಂತಿತು, ಕೆಮ್ಮು ನಿಲ್ಲಲಿಲ್ಲ.

ಕೊನೆಗೆ ಒಂದು ಭಾನುವಾರ ನನ್ನನ್ನು ಎಳೆದುಕೊಂಡು ಭಟ್ಕಳಕ್ಕೆ ಹೋದಳು. ಗಲ್ಫಿಗೆ ಕೆಲಸಕ್ಕೆ ಹೋಗುವವರಿಗೆ ಬೂಟು, ಹೆಲ್ಮೆಟ್ಟು ಮಾರುವ ಅಂಗಡಿ ಅಲ್ಲಿದೆ. ಅಂಗಡಿಯ ಸಾಹೇಬರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ಒಂದು ಮಾಸ್ಕು ಕೊಟ್ಟು, ಎರಡೂ ಅಂಗೈಯನ್ನು ಅದರ ಮೇಲೆ ಮುಚ್ಚಿ ಜೋರಾಗಿ ಉಸಿರು ಬಿಡಲು ಹೇಳಿದರು.

"ಗಾಳಿ ಎಲ್ಲಿ ಹೊರಗೆ ಬರ್ತದೆ ಅಮ್ಮ?"

"ಇಲ್ಲಿ," ಎಂದು ದೇವಿ ಮೂಗಿನ ಎಡಗಡೆ ಮುಟ್ಟಿ ತೋರಿಸಿದಳು.

ಅವರು ಬಗ್ಗಿ ಅವಳ ಮೂಗನ್ನು ನೋಡಿದರು. ಆಮೇಲೆ ನೆಲ ನೋಡುತ್ತಾ, "ಬೇಜಾರು ಮಾಡ್ಬೇಡಿ. ಮಾಸ್ಕಲ್ಲಿ ಏನೂ ತೊಂದರೆ ಇಲ್ಲ. ಮೂಗುತಿ ಅದನ್ನ ಎತ್ತಿ ಹಿಡೀತದೆ. ಗಂಡಸರಿಗಾದ್ರೆ ಗಡ್ಡ ತೆಗೀಲಿಕ್ಕೆ ಹೇಳ್ತೇನೆ. ನಿಮಗೆ ಎಂತ ಹೇಳೋದು?" ಅಂದರು.

ಅದು ಅತ್ತೆ ಕೊಟ್ಟ ಹರಳಿನ ದೊಡ್ಡ ಮೂಗುತಿ. ಮದುವೆಯ ದಿನ ಹಾಕಿದ್ದು, ತೆಗೆದದ್ದೇ ಇಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ದೇವಿ ದಾರಿಯುದ್ದಕ್ಕೂ ಅದನ್ನೇ ಮುಟ್ಟಿಕೊಳ್ಳುತ್ತಿದ್ದಳು. ಮಂಕಿಯಲ್ಲಿ ಇಳಿದವಳು ಮನೆಗೆ ಹೋಗದೆ ನೆಟ್ಟಗೆ ಲಕ್ಕಿಯ ಅಂಗಳಕ್ಕೆ ಹೋಗಿ ನಿಂತಳು. ಏನಾಗುತ್ತದೋ ಎಂದು ನಾನೂ ಹಿಂದೆ ಹೋದೆ.

"ನಿಂಗೆ ಗೊತ್ತಿತ್ತು ಅಲ್ದಾ? ಮೂಗುತಿ ಅಡ್ಡ ಬರ್ತದೆ ಅಂತ?"

ಲಕ್ಕಿ ಒಣಗಿದ ಬಟ್ಟೆ ಮಡಚುತ್ತಿದ್ದಳು. "ಮೊದಲನೇ ದಿನವೇ ಗೊತ್ತಾತು," ಅಂದಳು.

"ಮತ್ತೆ ಎಂತಕ್ಕೆ ಹೇಳ್ಲಿಲ್ಲ? ನನ್ನ ಗಂಟಲು ಹಾಳಾಗ್ಲಿ ಅಂತ ಕಾಯ್ತಿದ್ಯಾ?"

"ಗಂಡ ಸಮುದ್ರಕ್ಕೆ ಹೋಗೂ ಹೆಂಗಸಿಗೆ, ಮೂಗುತಿ ತೆಗಿ ಅಂತ ನಾನು ಹೇಳೂದಾ ದೇವಿ? ನನ್ನ ಬಾಯಲ್ಲಿ?"

ತನ್ನದೇ ತಪ್ಪು ಎಂದಾದಾಗ ದೇವಿ ಇನ್ನಷ್ಟು ಸಿಟ್ಟಾಗುತ್ತಾಳೆ. ದಡದಡ ಹೊರಟುಹೋದಳು.

ಅವಳ ಗಂಡ ಸೋಮ ಬೋಟಿನ ಮೇಲೆ ಹೋಗುವವನು. ಅವನು ನೀರಿನ ಮೇಲಿರುವಾಗ ಮನೆಯ ಹೆಂಗಸು ಮೂಗು ಬರಿದು ಮಾಡಿಕೊಂಡಳೆಂದರೆ ಅವಳ ಅತ್ತೆ ಊಟ ಬಿಡುತ್ತಾರೆ. ಆದರೆ ಮದುವೆ ಹತ್ತಿರ ಬರುತ್ತಿತ್ತು, ಲಕ್ಕಿ ದಿನಾ ಗುನುಗುತ್ತಿದ್ದಳು. ಸೋಮವಾರ ಗಿರಣಿಯ ಹಿಂದಿನ ಕೋಣೆಗೆ ಹೋದ ದೇವಿ ಮೂಗುತಿ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದಳು. ಮಾಸ್ಕು ಹಾಕಿದಳು. ಅಂಗೈ ಮುಚ್ಚಿ ಊದಿದಳು. ಗಾಳಿ ಎಲ್ಲೂ ಹೊರಗೆ ಬರಲಿಲ್ಲ. ಆ ಸಂಜೆ ಅವಳು ಗೆದ್ದವಳ ಹಾಗೆ ಲಕ್ಕಿಯ ಕಡೆ ನೋಡಿದಳು. ಲಕ್ಕಿ ಆ ಬರಿ ಮೂಗನ್ನು ಕಂಡು ಮುಖ ತಿರುಗಿಸಿಕೊಂಡಳು.

ಬೆಳಿಗ್ಗೆ ಮೂಗುತಿ ತೆಗೆಯುವುದು, ಸಂಜೆ ಟೆಂಪೋ ಹತ್ತುವ ಮೊದಲು ಹಾಕುವುದು. ಹೀಗೆ ನಡೆಯಿತು. ಕೆಮ್ಮು ಹೋಯಿತು, ಧ್ವನಿ ತಿರುಗಿ ಬಂತು. ಟೆಂಪೋದಲ್ಲಿ ಎಲ್ಲರಿಗೂ ಕೇಳುವ ಹಾಗೆ ಹಾಡತೊಡಗಿದಳು. ಲಕ್ಕಿಗಿಂತ ಒಂದು ಸ್ವರ ಎತ್ತರಕ್ಕೆ ಹಾಡುವ ಹಟ ಬೇರೆ. ಆದರೆ ದಿನವಿಡೀ ಮೆಣಸಿನ ಪುಡಿಯಲ್ಲಿ ಆಡಿದ ಕೈಯಿಂದಲೇ ಮೂಗುತಿಯ ತಿರುಪು ತಿರುಗಿಸುತ್ತಿದ್ದಳು. ನಮ್ಮ ಗಿರಣಿಯ ಖಾರ ಎರಡು ಸಲ ಸೋಪು ಹಾಕಿ ತೊಳೆದರೂ ಬೆರಳು ಬಿಡುವುದಿಲ್ಲ, ಅದು ಅವಳಿಗೆ ಗೊತ್ತಿಲ್ಲದ್ದಲ್ಲ. ಅತ್ತೆಗೆ ಸಿಕ್ಕಿಬೀಳುವ ಹೆದರಿಕೆಯಲ್ಲಿ ಉರಿಯನ್ನು ಹಲ್ಲು ಕಚ್ಚಿ ತಡೆದುಕೊಂಡಳು.

ಮದುವೆಗೆ ನಾಲ್ಕು ದಿನ ಇರುವಾಗ ಮೂಗು ಊದಿ ಕೀವು ತುಂಬಿತು. ಮೂಗುತಿ ತೆಗೆದಿಟ್ಟದ್ದು ಮತ್ತೆ ಒಳಗೆ ಹೋಗಲೇ ಇಲ್ಲ. ಹೊಳ್ಳೆಗೆ ಗಾಳಿ ತಾಗಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಅತ್ತೆಯ ಕಣ್ಣಿಗೆ ಬೀಳದೆ ಇರುತ್ತದೆಯೇ? ಆಸ್ಪತ್ರೆಯಲ್ಲಿ ತೆಗೆಸಿದರು ಎಂದು ದೇವಿ ಏನೋ ಸುಳ್ಳು ಹೇಳಿದಳು. ಅತ್ತೆ ಬೈಯಲಿಲ್ಲ. ಮಗ ದಡಕ್ಕೆ ಬಂದು ಮುಟ್ಟುವವರೆಗೆ ಬಾಗಿಲಲ್ಲೇ ಕೂತಿದ್ದರು.

ಎಣ್ಣೆ ಹಚ್ಚುವ ದಿನ ಚಪ್ಪರದ ತುಂಬ ಹೆಂಗಸರು. ದೀಕ್ಷಾ ಹಸೆಮಣೆ ಏರಿದಳು. ದೇವಿ ಹೊಸ ಸೀರೆ ಉಟ್ಟು ತನ್ನ ಜಾಗಕ್ಕೆ ಬಂದು ಕೂರಲು ಸೆರಗು ಸರಿಮಾಡಿಕೊಂಡಳು. ಅತ್ತೆ ಎಣ್ಣೆಯ ಬಟ್ಟಲು ಹಿಡಿದು ಅಡ್ಡ ನಿಂತರು.

"ಬರಿ ಮೂಗಲ್ಲಿ ಹಸೆ ಹತ್ರ ಬೇಡ. ಮೊಮ್ಮಗಳ ಮದುವೆ."

"ಅಮ್ಮ, ನಾನು ಇಲ್ಲೇ ಇದ್ದೇನಲ್ಲ? ಜೀವಂತ ಇದ್ದೇನೆ," ಅಂದ ಸೋಮ, ಚಪ್ಪರದ ಕಂಬ ಹಿಡಿದು ನಿಂತಿದ್ದವನು.

"ನೀನು ಸುಮ್ನಿರು. ಇದು ಹೆಂಗಸರದ್ದು."

ದೇವಿ ಸುತ್ತ ಕೂತವರನ್ನು ಒಬ್ಬೊಬ್ಬರಾಗಿ ನೋಡಿದಳು. ಯಾರೂ ಬಾಯಿ ಬಿಡಲಿಲ್ಲ. ಲಕ್ಕಿಯ ಸರದಿಯಲ್ಲಿ ದೇವಿಯೂ ಹೀಗೇ ಬಾಯಿ ಮುಚ್ಚಿ ಕೂತಿದ್ದಳು, ನಾನೂ ಕೂತಿದ್ದೆ. ಅವಳ ಮುಖ ಮೂಗಿಗಿಂತ ಕೆಂಪಾಯಿತು. ತಿರುಗಿ ಹಿತ್ತಲಿಗೆ ಹೋದಳು.

"ಕವಿತಾ, ನಿಂಗೆ ಹಾಡು ಬರ್ತದಲ್ಲ, ಕೂತ್ಕೋ," ಅಂದರು ಅತ್ತೆ. ನಾನು ಕೂತೆ. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಆ ಜಾಗದಿಂದ ನೋಡಿದರೆ ಚಪ್ಪರವೆಲ್ಲ ನಮ್ಮ ಕಡೆಗೇ ತಿರುಗಿದೆ ಅನ್ನಿಸುತ್ತದೆ. ಗಂಟಲು ಸರಿಮಾಡಿಕೊಂಡು ಮೊದಲ ಸೊಲ್ಲು ಹೇಳಿದೆ. ಹೆಂಗಸರು ಎತ್ತಿಕೊಂಡರು, ಆದರೆ ಅಕ್ಕಿ ಆರಿಸುವಾಗ ಮಾತಾಡುವ ಹಾಗೆ, ತುಟಿ ತುದಿಯಲ್ಲಿ. ಎರಡನೆಯದು ಹೇಳುವಾಗ ನನಗೆ ಮುಂದಿನ ಪದ ತಪ್ಪಿತು. ನಾನು ತಡಬಡಿಸುತ್ತಿರುವಾಗ ಹಿತ್ತಲಿನಿಂದ ಆ ಪದ ಬಂತು. ದೇವಿಯ ಧ್ವನಿ, ಸಿಟ್ಟಿನಲ್ಲಿ, ನನ್ನ ತಪ್ಪು ತಿದ್ದುವುದಕ್ಕೇ ಎಂಬ ಹಾಗೆ. ಸೊಲ್ಲು ಮುಗಿಯುತ್ತಲೇ ಇನ್ನೊಂದು ಧ್ವನಿ ಅದನ್ನು ಎತ್ತಿಕೊಂಡಿತು. ಎಷ್ಟೋ ವರ್ಷಗಳಿಂದ ಮದುವೆ ಮನೆಯಲ್ಲಿ ಕೇಳದ ಧ್ವನಿ. ಮುದುಕಿಯರು ಕತ್ತು ತಿರುಗಿಸಿದರು. ದೀಕ್ಷಾಳೂ ತಿರುಗಿದಳು, ಎಣ್ಣೆ ಕಿವಿಗೆ ಇಳಿಯಿತು.

ಮೂರನೆಯ ಸೊಲ್ಲಿಗೆ ನಾನು ಬಾಯಿ ತೆರೆದೆ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಹಿತ್ತಲಲ್ಲಿ ಈಗ ಮುಂದೆ ಹೇಳುತ್ತಿದ್ದವಳು ಲಕ್ಕಿ, ಎತ್ತಿಕೊಳ್ಳುತ್ತಿದ್ದವಳು ದೇವಿ. ದೇವಿ ತಾನಾಗಿ ಬಿಟ್ಟುಕೊಟ್ಟಳೋ, ಲಕ್ಕಿ ಕಸಿದುಕೊಂಡಳೋ, ಇವತ್ತಿಗೂ ಇಬ್ಬರೂ ಬಾಯಿ ಬಿಡುವುದಿಲ್ಲ. ಚಪ್ಪರದ ಹೆಂಗಸರೆಲ್ಲ ಹಿತ್ತಲಿನ ಸೊಲ್ಲನ್ನೇ ಎತ್ತತೊಡಗಿದರು. ಅತ್ತೆ ಬಟ್ಟಲಿಗೆ ಬೆರಳು ಅದ್ದಿದವರು ಅದನ್ನು ಎತ್ತಲು ಮರೆತು ನಿಂತಿದ್ದರು. ಬೇಡ ಅನ್ನಲಿಲ್ಲ.

ನನಗೆ ಹೊಟ್ಟೆಕಿಚ್ಚಾಯಿತು. ಒಳ್ಳೆಯ ಧ್ವನಿ ಅವರದು ಎಂದಲ್ಲ. ತೆರೆದ ಬಾಗಿಲಿನಾಚೆ ಇಬ್ಬರೂ ಕಾಯಿ ತುರಿಯುತ್ತಾ ಒಬ್ಬರ ಬಾಯಿಂದ ಒಬ್ಬರು ಸೊಲ್ಲು ತೆಗೆದುಕೊಳ್ಳುತ್ತಿದ್ದರು, ನಡುವೆ ಒಮ್ಮೆ ನಕ್ಕರು ಕೂಡ. ನನಗೂ ಎದ್ದು ಅಲ್ಲಿಗೇ ಹೋಗಿ ಅವರ ನಡುವೆ ಕೂರಬೇಕು ಅನ್ನಿಸಿತು. ಆದರೆ ನನ್ನ ಮೂಗಿನಲ್ಲಿ ಮೂಗುತಿ ಇತ್ತು. ಹಾಗಾಗಿ ಹಾಡು ಮುಗಿಯುವವರೆಗೂ ಹಸೆಯ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ಕೂತಿರಬೇಕಾಯಿತು.