ಮಗಳ ಚೀಲಕ್ಕೆ ಕೈಹಾಕುತ್ತಿದ್ದ ದಿನಗಳು

ಯಜಮಾನರಿಗೆ ಕೊಚ್ಚಿಯಿಂದ ತಿರುವನಂತಪುರದ ಬ್ಯಾಂಕಿಗೆ ವರ್ಗವಾದಾಗ ಮಗಳಿಗೆ ಹದಿನೈದು. ಮೈಸೂರಿನವಳಾದ ನಾನು ಕೇರಳದ ಹತ್ತು ವರ್ಷದಲ್ಲಿ ಮಲಯಾಳ ಮಾತಾಡಲು ಕಲಿತಿದ್ದೆ, ಓದಲು ಕಲಿತಿರಲಿಲ್ಲ. ಮಗಳು ಅದರಲ್ಲೇ ಬರೆಯುತ್ತಿದ್ದಳು, ಅದರಲ್ಲೇ ಗೆಳತಿಯರ ಜೊತೆ ಪಿಸುಗುಡುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದರೂ ಉತ್ತರ ಮಲಯಾಳದಲ್ಲೇ. ನನಗೆ ಸಂಶಯ ಹತ್ತಿತು. ಸಂಜೆ ಅವಳು ಕೈಕಾಲು ತೊಳೆಯಲು ಹೋದ ಕೂಡಲೇ ಪುಸ್ತಕದ ಚೀಲ ತಡಕುತ್ತಿದ್ದೆ. ಆಮೇಲೆ ಅದೇ ಕೈಯಲ್ಲಿ ದೇವರಿಗೆ ದೀಪ ಹಚ್ಚುತ್ತಿದ್ದೆ.

ಒಂದು ದಿನ ಲೆಕ್ಕದ ಪುಸ್ತಕದಲ್ಲಿ ಮಡಚಿದ ಚೀಟಿ ಸಿಕ್ಕಿತು. ನನಗೆ ಓದಲು ಬಂದದ್ದು ‘3’ ಒಂದೇ. ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕದ ಮನೆಯ ಚೇಚಿಯ ಹತ್ತಿರ ಓಡಿದೆ. ಅಕ್ಕನಂತಿದ್ದವಳು, ಓದಿ ಬಿದ್ದು ಬಿದ್ದು ನಕ್ಕಳು.

“ಭಾನುವಾರ ಮೂರು ಗಂಟೆಗೆ ವಾಚನಾಲಯದಲ್ಲಿ ಸಿನಿಮಾ ಅಂತೆ. ಯಾವುದೋ ದೇಶದ ಹುಡುಗಿಯ ನಿಜವಾದ ಬದುಕು. ನೀನೂ ಬಾ ಅಂತ ಗೆಳತಿ ಬರೆದಿದ್ದಾಳೆ. ನಿರಾಸೆ ಆಯ್ತಾ?”

ಗೆಳತಿಯೇ, ಹುಡುಗನಲ್ಲ ಅನ್ನಲು ಏನು ಗ್ಯಾರಂಟಿ? ಶನಿವಾರ ಮಗಳು ಅಪ್ಪಣೆ ಕೇಳಿದಾಗ ನಾನೂ ಬರುತ್ತೇನೆ ಅಂದೆ.

“ಅದು ಇಂಗ್ಲಿಷು, ಅಮ್ಮಾ. ನಿಂಗೆ ಅರ್ಥ ಆಗಲ್ಲ” ಅಂದಳು, ಎಂದಿನಂತೆ ಮಲಯಾಳದಲ್ಲಿ.

“ಆಗದಿದ್ರೆ ಕಣ್ಮುಚ್ಕೊಂಡು ಸಹಸ್ರನಾಮ ಹೇಳ್ಕೋತೀನಿ.”

ವಾಚನಾಲಯದ ಕಿಟಕಿಗಳಿಗೆ ಕಪ್ಪು ಬಟ್ಟೆ, ಗೋಡೆಗೆ ತೆರೆಯಾಗಿ ಬಿಳಿ ಮುಂಡು ಪಂಚೆ. ಮೊದಲರ್ಧ ನಾನು ತೆರೆ ನೋಡಲೇ ಇಲ್ಲ, ಹಿಂದಿನ ಸಾಲಿನ ಮುಖಗಳನ್ನು ನೋಡಿದೆ. ‘ಚೀಟಿ ನೋಡಿ ಬಂದೆಯಲ್ಲ’ ಎಂದು ಮಗಳ ಬೆನ್ನು ತಟ್ಟಿದವಳು ಎರಡು ಜಡೆಯ ಹುಡುಗಿಯೇ. ದೇವರು ದೊಡ್ಡವನು.

ಆಮೇಲೆ ತೆರೆಗೆ ತಿರುಗಿದೆ. ಪರರ ಸೈನ್ಯ ಹಿಡಿದಿಟ್ಟುಕೊಂಡ ಊರು. ಹುಡುಗಿ ನೀರು ಹೊರುತ್ತಾಳೆ, ರೊಟ್ಟಿ ಸುಡುತ್ತಾಳೆ, ಶಾಲೆಗೆ ಹೊರಡುತ್ತಾಳೆ. ಬೀದಿಯ ಕೊನೆಯಲ್ಲಿ ಬಂದೂಕಿನವನೊಬ್ಬ ಅವಳ ಚೀಲ ಬುಡಮೇಲು ಮಾಡುತ್ತಾನೆ. ಪುಸ್ತಕ ಎತ್ತಿ ಹಾಳೆ ತಿರುವುತ್ತಾನೆ. ಆ ಲಿಪಿ ಅವನಿಗೆ ಬರುವುದಿಲ್ಲ, ಮುಖ ನೋಡಿದರೇ ತಿಳಿಯುತ್ತದೆ. ಆದರೂ ಒಂದೊಂದೇ ತಿರುವುತ್ತಾನೆ. ಅವಳು ಬೇರೆಲ್ಲೋ ನೋಡುತ್ತ ನಿಂತಿರುತ್ತಾಳೆ.

ಪಕ್ಕಕ್ಕೆ ನೋಡಿದೆ. ಮಗಳು ತೆರೆ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

ಮನೆಗೆ ನಡೆಯುವಾಗ ಅಂದಳು, “ಚೀಟಿನ ನಾನು ಲೆಕ್ಕದ ಪುಸ್ತಕದಲ್ಲಿಟ್ಟಿದ್ದೆ. ನೀನು ಭೂಗೋಳದಲ್ಲಿ ವಾಪಸ್ ಇಟ್ಟೆ. ಯಾರ ಹತ್ರ ಓದಿಸ್ದೆ?”

“ಚೇಚಿ ಹತ್ರ.”

“ಸರಿ, ಬೀದಿಗೆಲ್ಲ ಗೊತ್ತಾಯ್ತು.”

“ಇನ್ನು ಮುಟ್ಟಲ್ಲ ಕಣೇ.”

“ನೋಡೋಣ.”

ಇದನ್ನೆಲ್ಲ ಕನ್ನಡದಲ್ಲೇ ಅಂದಳು. ಅಷ್ಟಾದರೂ ದಕ್ಕಿತು.

ಮರುದಿನದಿಂದ ಚೀಲವನ್ನು ಬಚ್ಚಲಿಗೇ ಒಯ್ಯತೊಡಗಿದಳು. ನೀರು ಚಿಮ್ಮಿ ಪುಸ್ತಕದ ಅಂಚು ನೆನೆದರೂ ಬಿಡಲಿಲ್ಲ. ಎಷ್ಟೋ ವಾರಗಳ ಮೇಲೆ ಒಂದು ಸಂಜೆ ನಡುಮನೆಯಲ್ಲಿ ಬಿಟ್ಟು ಹೋದಳು. ಮರೆತಳೋ, ನನ್ನನ್ನು ಪರೀಕ್ಷೆ ಮಾಡುತ್ತಿದ್ದಳೋ, ಇವತ್ತಿಗೂ ತಿಳಿಯದು. ಅವಳು ಬರುವವರೆಗೆ ನಾನು ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ.