ಸುಮ್ಮನಿರಬೇಕಾದ ಹದಿನಾರು ಆವರ್ತ

"ಇದೇನ್ರಿ ಅಕ್ಕೋರ, ಇಲ್ಲಿ ಸ್ವರಾನೇ ಇಲ್ಲ. ಬರೇ ದಪ್ಪ ಗೀಟು, ಮ್ಯಾಲ ಹದಿನಾರು ಅಂತ ಐತಿ?"

ನಾಟಕ ಕಂಪನಿಯಲ್ಲಿ ಪಿಟೀಲು ನುಡಿಸುತ್ತಲೇ ಹಣ್ಣಾಗಿದ್ದ ನನ್ನ ಗುರುಗಳು, ನಾನು ತಂದಿದ್ದ ಪಾಶ್ಚಾತ್ಯ ಸಂಗೀತದ ಪುಸ್ತಕದ ಮೇಲೆ ಬೆರಳಿಟ್ಟು ಕೇಳಿದರು. 1980ರ ಆಸುಪಾಸಿನ ಒಂದು ಮಧ್ಯಾಹ್ನ, ಕೊಟ್ಟೂರಿನ ಅವರ ಪಡಸಾಲೆ. ಶಾಲೆಯ ಶಿಕ್ಷಕಿಯಾಗಿದ್ದ ನಾನು ಆ ಸ್ವರಲಿಪಿಯನ್ನು ಅಷ್ಟಿಷ್ಟು ಓದಲು ಕಲಿತಿದ್ದೆ.

"ಹದಿನಾರು ಆವರ್ತ ಉಳಿದ ವಾದ್ಯದವರೆಲ್ಲ ನುಡಸ್ತಾರ್ರಿ ಮಾಸ್ತರ. ಪಿಟೀಲಿನವರು ಸುಮ್ನಿರಬೇಕು," ಎಂದೆ.

"ಸುಮ್ನಿರೋದನ್ನೂ ಬರದಾರಲ್ರಿ!"

ಜೀವಮಾನವಿಡೀ ನಟರ ಹಾಡಿನ ಬೆನ್ನಿಗೆ ಬಿಡುವಿಲ್ಲದೆ ಓಡಿದ ಮನುಷ್ಯ. ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಎಣಿಸತೊಡಗಿದರು. ಚಹಾ ತಂದ ಅವರ ಹೆಂಡತಿ ಏನೋ ಹೇಳಲು ಬಾಯಿ ತೆರೆದರು. ಮಾಸ್ತರರು ಕಣ್ಣು ತೆರೆಯದೆ ಪಿಸುಗುಟ್ಟಿದರು: "ತಡಿ, ಅವ್ರು ಬಾರಿಸಾಕತ್ಯಾರ."

ಆಕೆ ಬಿಸಿಲು ತುಂಬಿದ ಖಾಲಿ ಅಂಗಳವನ್ನೊಮ್ಮೆ ನೋಡಿ, ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ಹದಿನಾರು ಮುಗಿದದ್ದೇ ತಡ, ಮಾಸ್ತರರು ಕಮಾನೆಳೆದು ಷಡ್ಜ ಹಿಡಿದರು. ಪುಸ್ತಕದಲ್ಲಿದ್ದ ಸ್ವರ ಬೇರೆ. ನಾನು ತಿದ್ದಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅದೇ ಕೃತಿಯನ್ನು ಕ್ಯಾಸೆಟ್ಟಿನಲ್ಲಿ ಕೇಳಿದೆ. ಆ ಜಾಗದಲ್ಲಿ ಅಷ್ಟೂ ವಾದ್ಯಗಳು ಒಟ್ಟಿಗೆ ಮೊಳಗಿದವು. ನನಗೆ ಮಾತ್ರ ತೊಡೆಯ ಮೇಲೆ ಬೀಳುವ ಅಂಗೈಯ ಸದ್ದಷ್ಟೇ ಕೇಳುತ್ತಿತ್ತು. ಬಾಗಿಲಲ್ಲಿ ಚಹಾ ಆರುತ್ತಿತ್ತು.