ಅಕ್ಕೋರು ಬಿಟ್ಟ ಬಸ್ಸು

ಹೊನ್ನಾವರದ ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಕಲಿಸುತ್ತಿದ್ದ ಅಕ್ಕೋರಿಗೆ ಯಾವುದನ್ನೂ ಬೋರ್ಡಿನ ಮೇಲೆ ಬರೆದು ಮುಗಿಸುವ ಅಭ್ಯಾಸವಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆಂದರೆ ಪ್ರಯೋಗ ಶುರು. "ಗಡಿಬಿಡಿ ಎಂತಕೆ? ನೋಡುವಾ" ಎನ್ನುವುದು ಅವರ ಮಾತು.

ತೊಂಬತ್ತರ ದಶಕದ ಕೊನೆಯ ಒಂದು ಶನಿವಾರ, ಸೋಲಾರ್ ಲಾಟೀನಿನ ಫಲಕವನ್ನು ಅಂಗಳದಲ್ಲಿಟ್ಟು ಅದರ ತಂತಿಗಳನ್ನು ನೀರಿಗಿಳಿಸಿದರು. ಬಿಸಿಲಿನ ಕರೆಂಟಿಗೆ ನೀರು ಒಡೆದು, ಬೋರಲು ಹಾಕಿದ್ದ ಗಾಜಿನ ನಳಿಕೆಯೊಳಗೆ ಜಲಜನಕ ಗುಳ್ಳೆಗುಳ್ಳೆಯಾಗಿ ಸೇರತೊಡಗಿತು. ಅಷ್ಟರಲ್ಲಿ ಮೋಡ ಕವಿದು ಗುಳ್ಳೆ ನಿಂತಿತು. ಶಾಲೆ ಬಿಡುವ ಗಂಟೆಯೂ ಹೊಡೆಯಿತು.

"ಅಕ್ಕೋರೇ, ನಿಮ್ಮ ಮಿರ್ಜಾನದ ಬಸ್ಸು ಬಂತು," ಎಂದೆ.

"ಹೋಗ್ಲಿ. ಗಡಿಬಿಡಿ ಎಂತಕೆ? ಮೋಡವೂ ಹೋಗ್ತದೆ."

ಬಸ್ಸು ಹೋಯಿತು. ಮೋಡ ಸರಿದರೆ ತೆಂಗಿನ ನೆರಳು ಬಂತು; ಅವರು ಫಲಕವನ್ನು ಬಿಸಿಲಿಗೆ ಸರಿಸುತ್ತ ಕೂತರು. ಕೊನೆಗೆ ನಳಿಕೆಯ ಬಾಯಿಗೆ ಕಡ್ಡಿ ಗೀರಿ ಹಿಡಿದಾಗ 'ಟಪ್' ಎಂದಿತು. ನಮಗಿಂತ ಮೊದಲು ಚಪ್ಪಾಳೆ ತಟ್ಟಿದವರು ಅವರೇ.

ಈಗ ಬಿಸಿಲಿನಿಂದ, ನೀರಿನಿಂದ ಇಂಧನ ಮಾಡುವ ಮಾತು ಬಂದಾಗಲೆಲ್ಲ ಯಾರಾದರೂ "ಮೋಡ ಬಂದ್ರೆ ಎಂತ ಗತಿ?" ಎಂದು ನಗುತ್ತಾರೆ. ನಾನು ನಗುವುದಿಲ್ಲ. ಅಕ್ಕೋರು ಬಿಟ್ಟ ಆ ಬಸ್ಸಿನ ಋಣ ನನ್ನ ಮೇಲಿದೆ.